ಹನ್ನೆರಡು ಮಂದಿ ಬಿಟ್ಟರೂ ಒಬ್ಬರು ಬಿಡಲಿಲ್ಲ

ಅಮೇರಿಕದ ರಾಜಧಾನಿ ವಾಷಿಂಗ್ಟನ್ ನಗರದ ಫೆಡರಲ್ ನ್ಯಾಯಾಲಯದ ನ್ಯಾಯಾಧೀಶರೊಬ್ಬರಿಗೆ 2008ರಲ್ಲಿ ಒಂದು ಕಾಗದ ಬಂತು. ಬರೆದವರು ವಕೀಲರಲ್ಲ, ಕೈದಿಯಲ್ಲ, ಕೈದಿಯ ನೆಂಟರೂ ಅಲ್ಲ. ಅದೇ ನ್ಯಾಯಾಧೀಶರ ಮುಂದೆ ತಿಂಗಳುಗಟ್ಟಲೆ ನಡೆದಿದ್ದ ಒಂದು ಮಾದಕ ದ್ರವ್ಯದ ಮೊಕದ್ದಮೆಯಲ್ಲಿ ಜೂರಿಯಾಗಿ ಕುಳಿತಿದ್ದ ಒಬ್ಬ ಸಾಮಾನ್ಯ ನಾಗರಿಕರು. ಸ್ವಂತ ಕೆಲಸಕಾರ್ಯಗಳನ್ನೆಲ್ಲ ಬದಿಗಿಟ್ಟು ತಾವು ಕುಳಿತದ್ದು, ಉದ್ದುದ್ದದ ಧ್ವನಿಮುದ್ರಿಕೆಗಳನ್ನು ಕೇಳಿದ್ದು, ನೂರಾರು ಪುಟಗಳನ್ನು ಓದಿದ್ದು, ತಮ್ಮತಮ್ಮೊಳಗೆ ವಾದಿಸಿ ಸಿಟ್ಟಾಗಿ ಕೋಣೆ ಬಿಟ್ಟು ಹೋದದ್ದು, ಮತ್ತೆ ಬಂದು ಕುಳಿತು ಕೊನೆಗೊಂದು ತೀರ್ಮಾನಕ್ಕೆ ಬಂದದ್ದು, ಇಷ್ಟನ್ನೂ ಅವರು ಬರೆದಿದ್ದರು. ಅಷ್ಟೆಲ್ಲ ಮಾಡಿದ ಮೇಲೆ, ತಾವು ಸಾಬೀತಾಗಿದೆ ಎಂದ ಆರೋಪಗಳಿಗಾಗಿ ಅಲ್ಲ, ಸಾಬೀತಾಗಲಿ ಎಂದು ಸರಕಾರಿ ವಕೀಲರು ಆಸೆಪಟ್ಟಿದ್ದ ಆರೋಪಗಳಿಗಾಗಿ ಈ ಜನರಿಗೆ ಶಿಕ್ಷೆಯಾಗುತ್ತಿರುವಂತೆ ಕಾಣುತ್ತದಲ್ಲ, ಹಾಗಾದರೆ ನಾವು ಕೊಟ್ಟ ತೀರ್ಮಾನಕ್ಕೆ ಬೆಲೆಯೇನು ಎಂಬುದು ಆ ಕಾಗದದ ಸಾರ.

ಸಂಗತಿ ಇಷ್ಟು. ವಾಷಿಂಗ್ಟನ್ನಿನ ಆಗ್ನೇಯ ಭಾಗದ ಕಾಂಗ್ರೆಸ್ ಪಾರ್ಕ್ ಎಂಬ ಬಡಾವಣೆಯಲ್ಲಿ ಕ್ರ್ಯಾಕ್ ಎಂಬ ಕೊಕೇನನ್ನು ಮಾರುವ ದೊಡ್ಡದೊಂದು ಜಾಲವಿದೆ, ಆರೋಪಿಗಳೆಲ್ಲ ಅದರ ಒಳಸಂಚಿನಲ್ಲಿ ಸೇರಿದವರು ಎಂಬುದು ಸರಕಾರದ ಪಕ್ಷ. ಜೂರಿ ಅದನ್ನು ನಂಬಲಿಲ್ಲ. ಸಣ್ಣ ಪ್ರಮಾಣದ ಕೆಲವು ಮಾರಾಟಗಳು ಸಾಬೀತಾಗಿವೆ, ಒಳಸಂಚು ಸಾಬೀತಾಗಿಲ್ಲ ಎಂದು 2007ರಲ್ಲಿ ಹೇಳಿತು. ಆ ಮಾರಾಟಗಳಿಗಷ್ಟೇ ಲೆಕ್ಕ ಹಾಕಿದ್ದರೆ ಶಿಕ್ಷಾ ಸೂತ್ರಗಳ ಪ್ರಕಾರ 27ರಿಂದ 71 ತಿಂಗಳ ನಡುವೆ ಸಜೆ ಆಗಬೇಕಿತ್ತು. ಆದರೆ ಶಿಕ್ಷೆ ವಿಧಿಸುವ ಹಂತಕ್ಕೆ ಬಂದಾಗ, ಒಳಸಂಚು ನಡೆದದ್ದು ಹೌದೆಂದು ತನಗೆ ಕಂಡಿದೆ ಎಂದು ನ್ಯಾಯಾಧೀಶರು ತಾವಾಗಿಯೇ ನಿರ್ಣಯಿಸಿದರು. ಅವರಲ್ಲಿ ಮೂವರಿಗೆ ಸಿಕ್ಕಿದ್ದು 180, 194 ಮತ್ತು 225 ತಿಂಗಳು. ಕೊನೆಯದನ್ನು ವರ್ಷಕ್ಕಿಳಿಸಿದರೆ ಹದಿನೆಂಟು ವರ್ಷ ಒಂಬತ್ತು ತಿಂಗಳಾಗುತ್ತದೆ.

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ದೊಣ್ಣೆ ತಪ್ಪಿದ ಮೇಲೂ ಪೆಟ್ಟು ಬಿದ್ದಿದೆ. ಇದು ನ್ಯಾಯಾಧೀಶರೊಬ್ಬರ ಅತಿರೇಕವೆಂದು ಓದುಗರು ಭಾವಿಸುವುದು ಸಹಜ. ಹಾಗಲ್ಲ. ಅವರು ಮಾಡಿದ್ದು ಆ ದೇಶದ ಅತ್ಯುನ್ನತ ನ್ಯಾಯಾಲಯ ಒಪ್ಪಿ ಮುದ್ರೆಯೊತ್ತಿದ್ದ ಪದ್ಧತಿಯನ್ನೇ. ಜೂರಿಯ ಹಕ್ಕನ್ನು ಸಂವಿಧಾನದಲ್ಲಿ ಬರೆದಿಟ್ಟುಕೊಂಡ ದೇಶದಲ್ಲಿ ಇಂಥದು ಹೇಗೆ ನಡೆಯಿತೆಂಬುದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅದಕ್ಕೆ ಮೊದಲು ನಮ್ಮ ಕಡೆಯ ಮಾತನ್ನು ಎರಡು ವಾಕ್ಯದಲ್ಲಿ ಹೇಳಿ ಮುಗಿಸುವುದು ಒಳ್ಳೆಯದು. ಕಾಸರಗೋಡಿನಲ್ಲಾಗಲಿ ಮಂಗಳೂರಿನಲ್ಲಾಗಲಿ ಸೆಷನ್ಸ್ ಕೋರ್ಟಿನ ಮೆಟ್ಟಲು ಹತ್ತಿದವರಿಗೆ ಗೊತ್ತಿರುವಂತೆ, ಇಲ್ಲಿ ತಪ್ಪಿತಸ್ಥನೋ ಅಲ್ಲವೋ ಎಂದು ಹೇಳುವವರೂ ನ್ಯಾಯಾಧೀಶರೇ, ಎಷ್ಟು ವರ್ಷವೆಂದು ಎಣಿಸುವವರೂ ಅವರೇ. 1973ರ ದಂಡ ಪ್ರಕ್ರಿಯಾ ಸಂಹಿತೆಯೊಂದಿಗೆ ನಮ್ಮ ಸೆಷನ್ಸ್ ವಿಚಾರಣೆಯಿಂದ ಜೂರಿ ಪೂರ್ತಿ ಮರೆಯಾಯಿತು. 1959ರ ನಾನಾವತಿ ಮೊಕದ್ದಮೆಯಲ್ಲಿ ಮುಂಬಯಿಯ ಜೂರಿ ಎಂಟಕ್ಕೆ ಒಂದರಂತೆ ನಿರ್ದೋಷಿ ಎಂದದ್ದು, ನ್ಯಾಯಾಧೀಶರು ಅದನ್ನೊಪ್ಪದೆ ಹೈಕೋರ್ಟಿಗೆ ಕಳಿಸಿದ್ದು, ಅಲ್ಲಿ ಆದ ಶಿಕ್ಷೆಯನ್ನು 1961ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದದ್ದು ಹಿರಿಯರಿಗೆ ನೆನಪಿರಬಹುದು. ಜೂರಿಯನ್ನು ಕೊಂದದ್ದು ಆ ಮೊಕದ್ದಮೆಯೇ ಎಂದು ಹೇಳುವ ವಾಡಿಕೆಯಿದೆ; ಆದರೆ ಅದಕ್ಕೂ ಮೊದಲೇ, 1958ರಲ್ಲಿ, ಕಾನೂನು ಆಯೋಗ ತನ್ನ 14ನೇ ವರದಿಯಲ್ಲಿ ಜೂರಿ ಬೇಡವೆಂದು ಶಿಫಾರಸು ಮಾಡಿಯಾಗಿತ್ತು. ಎರಡು ವಾಕ್ಯವೆಂದು ಹೊರಟು ನಾಲ್ಕೈದಾಯಿತು. ಇನ್ನು ಅಮೇರಿಕಕ್ಕೆ ಹೋಗೋಣ.

39 ಶಿಲಿಂಗಿನ ಕಳ್ಳತನ

ಅಮೇರಿಕದ ಜೂರಿ ಇಂಗ್ಲೆಂಡಿನಿಂದ ಹೋದದ್ದು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಸಣ್ಣಪುಟ್ಟ ಅಪರಾಧಕ್ಕೂ ನೇಣೇ ಶಿಕ್ಷೆ. ವಾಸದ ಮನೆಯಿಂದ 40 ಶಿಲಿಂಗ್ ಬೆಲೆಯ ಸೊತ್ತು ಕದ್ದರೆ ನೇಣು. ನ್ಯಾಯಾಧೀಶರಿಗೆ ಅಲ್ಲಿ ಹೆಚ್ಚು ಕಡಿಮೆ ಮಾಡುವ ಅವಕಾಶವಿಲ್ಲ. ಅಪರಾಧ ಸಾಬೀತಾದರೆ ಶಿಕ್ಷೆ ಅದರ ಬೆನ್ನಿಗೇ ಬರುತ್ತಿತ್ತು. ಆಗ ಜೂರಿಯವರು ಒಂದು ಉಪಾಯ ಕಂಡುಕೊಂಡರು. ಕಳ್ಳತನವಾದದ್ದು ನಿಜ, ಆದರೆ ಸೊತ್ತಿನ ಬೆಲೆ 39 ಶಿಲಿಂಗ್ ಎನ್ನುವುದು! ಅಂಗಡಿಗೆ ಹೋದರೆ ಅದರ ಎರಡು ಪಟ್ಟು ಬೆಲೆ ಬಾಳುವ ಮಾಲಾದರೂ ಸರಿ, ಜೂರಿಯ ಲೆಕ್ಕದಲ್ಲಿ 39. ಕಳ್ಳನ ತಲೆ ಉಳಿಯಿತು, ಬೇರೆ ಶಿಕ್ಷೆ ಆಯಿತು.

ಇದನ್ನು ಸುಳ್ಳೆನ್ನಬೇಕೋ ಕರುಣೆಯೆನ್ನಬೇಕೋ ಓದುಗರೇ ಹೇಳಲಿ. ನಾವು ಗಮನಿಸಬೇಕಾದದ್ದು ಬೇರೆ. ಸೊತ್ತಿನ ಬೆಲೆ ಎಷ್ಟು ಎಂಬುದು ಒಂದು ಸಂಗತಿ. ಆ ಸಂಗತಿಯನ್ನು ನಿರ್ಣಯಿಸುವ ಅಧಿಕಾರ ಜೂರಿಯ ಕೈಯಲ್ಲಿದ್ದುದರಿಂದ ಶಿಕ್ಷೆಯ ಕೀಲಿಕೈಯೂ ಅವರ ಕೈಯಲ್ಲೇ ಇತ್ತು. ಜೂರಿಯ ಬಲವಿದ್ದುದು ಇಲ್ಲಿ. ಬ್ರಿಟಿಷ್ ದೊರೆಯ ಮೇಲೆ ವಸಾಹತುಗಳವರು 1776ರ ಸ್ವಾತಂತ್ರ್ಯ ಘೋಷಣೆಯಲ್ಲಿ ಹೊರಿಸಿದ ದೂರುಗಳಲ್ಲಿ ಜೂರಿ ವಿಚಾರಣೆಯನ್ನು ಕಿತ್ತುಕೊಂಡದ್ದೂ ಒಂದು. 1791ರಲ್ಲಿ ಸಂವಿಧಾನಕ್ಕೆ ಸೇರಿದ ಆರನೆಯ ತಿದ್ದುಪಡಿಯಲ್ಲಿ ಆ ಹಕ್ಕು ಅಕ್ಷರಕ್ಕಿಳಿಯಿತು.

ಕಾಲ ಬದಲಾಯಿತು. ಅಪರಾಧಿಯನ್ನು ತಿದ್ದಬೇಕು, ಒಬ್ಬೊಬ್ಬನಿಗೂ ಅವನವನ ಗುಣಕ್ಕೆ ತಕ್ಕ ಶಿಕ್ಷೆ ಕೊಡಬೇಕು ಎಂಬ ವಿಚಾರ ಬಲಗೊಂಡಂತೆ ಕಾನೂನು ಗರಿಷ್ಠ ಮಿತಿಯನ್ನಷ್ಟೇ ಹೇಳಿ ಉಳಿದದ್ದನ್ನು ನ್ಯಾಯಾಧೀಶರಿಗೆ ಬಿಡತೊಡಗಿತು. ಜೂರಿ ತಪ್ಪಿತಸ್ಥ ಎಂದ ಮೇಲೆ ಅವರ ಕೆಲಸ ಮುಗಿಯಿತು; ಆಮೇಲೆ ಪ್ರೊಬೇಶನ್ ಅಧಿಕಾರಿಯ ವರದಿ, ಆಸಾಮಿಯ ಪೂರ್ವಾಪರ, ನೆರೆಕರೆಯವರ ಮಾತು, ಎಲ್ಲವನ್ನೂ ನೋಡಿ ನ್ಯಾಯಾಧೀಶರು ವರ್ಷ ಎಣಿಸುವುದು. ಈ ಸ್ವಾತಂತ್ರ್ಯ ಎಲ್ಲಿಯವರೆಗೆ ಹೋಯಿತೆಂಬುದಕ್ಕೆ ನ್ಯೂಯಾರ್ಕಿನ ವಿಲಿಯಮ್ಸ್ ಪ್ರಕರಣವನ್ನು ನೋಡಬೇಕು. ಕೊಲೆಯ ಆ ಮೊಕದ್ದಮೆಯಲ್ಲಿ ಜೂರಿ ಜೀವಾವಧಿ ಸಾಕೆಂದಿತು. ನ್ಯಾಯಾಧೀಶರು ಮರಣದಂಡನೆ ಕೊಟ್ಟರು. ಅವನು ಇನ್ನೂ 30 ಮನೆಗಳಿಗೆ ಕನ್ನ ಹಾಕಿದ್ದಾನೆಂಬ ವರದಿ ತಮ್ಮ ಬಳಿಯಿದೆಯೆಂಬುದು ಅವರು ಕೊಟ್ಟ ಕಾರಣಗಳಲ್ಲಿ ಒಂದು. ಆ ಕನ್ನಗಳಿಗೆ ಅವನ ಮೇಲೆ ಒಂದು ತೀರ್ಪೂ ಆಗಿರಲಿಲ್ಲ. 1949ರಲ್ಲಿ ಸುಪ್ರೀಂ ಕೋರ್ಟು ಅದನ್ನು ಸರಿಯೆಂದಿತು.

258 ಮನೆಗಳ ಕೋಷ್ಟಕ

ಇಂಥ ಪೂರ್ಣ ಸ್ವಾತಂತ್ರ್ಯದ ಇನ್ನೊಂದು ಮುಖವೆಂದರೆ ಗೊಂದಲ. ಒಂದೇ ಅಪರಾಧಕ್ಕೆ ಒಬ್ಬ ನ್ಯಾಯಾಧೀಶರಲ್ಲಿ ಎರಡು ವರ್ಷ, ಪಕ್ಕದ ಕೋಣೆಯವರಲ್ಲಿ ಹನ್ನೆರಡು. ಇದು ಕಾನೂನೇ ಅಲ್ಲವೆಂದು ಮಾರ್ವಿನ್ ಫ್ರಾಂಕೆಲ್ ಎಂಬ ನ್ಯಾಯಾಧೀಶರು 1973ರಲ್ಲಿ ಪುಸ್ತಕವನ್ನೇ ಬರೆದರು. ಅದರ ಫಲವಾಗಿ 1984ರಲ್ಲಿ ಶಿಕ್ಷಾ ಸುಧಾರಣೆಯ ಕಾಯಿದೆ ಬಂತು, ಶಿಕ್ಷಾ ಆಯೋಗವೊಂದು ಹುಟ್ಟಿತು, 1987ರ ನವೆಂಬರ್ 1ರಿಂದ ಫೆಡರಲ್ ನ್ಯಾಯಾಲಯಗಳಿಗೆ ಶಿಕ್ಷಾ ಸೂತ್ರಗಳು ಜಾರಿಯಾದವು. ಅಪರಾಧದ ತೀವ್ರತೆಗೆ 43 ಮೆಟ್ಟಲು, ಪೂರ್ವ ಚರಿತ್ರೆಗೆ 6 ಕಂಬಸಾಲು, ಒಟ್ಟು 258 ಮನೆಗಳ ಒಂದು ಕೋಷ್ಟಕ. ಪಂಚಾಂಗ ನೋಡಿದಂತೆ ಬೆರಳಿಟ್ಟು ನೋಡಿದರೆ ಇಷ್ಟರಿಂದ ಇಷ್ಟು ತಿಂಗಳು ಎಂದು ಉತ್ತರ ಸಿಗುತ್ತದೆ.

ಉದ್ದೇಶವನ್ನು ನಾವು ತೆಗಳುವಂತಿಲ್ಲ. ಆದರೆ ಕೋಷ್ಟಕದ ಯಾವ ಮನೆಯಲ್ಲಿ ಬೆರಳಿಡಬೇಕೆಂಬುದನ್ನು ನಿರ್ಧರಿಸಬೇಕಲ್ಲ? ಮಾದಕ ದ್ರವ್ಯ ಎಷ್ಟು ಗ್ರಾಂ, ಕೈಯಲ್ಲಿ ಬಂದೂಕವಿತ್ತೇ, ನಷ್ಟ ಎಷ್ಟು ಡಾಲರು, ಇವನು ಮುಖಂಡನೋ ಹಿಂಬಾಲಕನೋ, ಇವೆಲ್ಲ ಸಂಗತಿಗಳು. ಒಂದೊಂದಕ್ಕೂ ಮೆಟ್ಟಲು ಏರುತ್ತದೆ, ವರ್ಷ ಏರುತ್ತದೆ. ಈ ಸಂಗತಿಗಳನ್ನು ನಿರ್ಣಯಿಸುವವರು ಜೂರಿಯಲ್ಲ, ನ್ಯಾಯಾಧೀಶರು. ಅದೂ ಯಾವ ಅಳತೆಯಿಂದ? ಜೂರಿಯ ಮುಂದೆ ಸಂಗತಿಯನ್ನು ಸಂಶಯಾತೀತವಾಗಿ ಸಾಬೀತು ಮಾಡಬೇಕು. ಶಿಕ್ಷೆಯ ಹಂತದಲ್ಲಿ ನ್ಯಾಯಾಧೀಶರಿಗೆ ಅಷ್ಟು ಬೇಕಿಲ್ಲ. ನಡೆದಿರುವ ಸಂಭವವೇ ಹೆಚ್ಚು ಎನಿಸಿದರೆ ಸಾಕು. ಅಡಿಕೆ ತೂಗುವ ತಕ್ಕಡಿಯಲ್ಲಿ ಒಂದು ತಟ್ಟೆ ಕೂದಲೆಳೆಯಷ್ಟು ವಾಲಿದರೂ ವಾಲಿತೆಂದೇ ಲೆಕ್ಕ, ಹಾಗೆ.

ಈ ಎರಡು ಅಳತೆಗೋಲುಗಳ ನಡುವಿನ ಅಂತರದಲ್ಲೇ ಎಲ್ಲ ಅನರ್ಥವೂ ಹೊಕ್ಕಿತು. ಜೂರಿ ಬಿಡುಗಡೆ ಮಾಡಿದ ಆರೋಪವನ್ನೂ ನ್ಯಾಯಾಧೀಶರು ಲೆಕ್ಕಕ್ಕೆ ತೆಗೆದುಕೊಳ್ಳಬಹುದೆಂದು ಸುಪ್ರೀಂ ಕೋರ್ಟು 1997ರ ಜನವರಿಯಲ್ಲಿ ವಾಟ್ಸ್ ಪ್ರಕರಣದಲ್ಲಿ ಹೇಳಿತು. ಕೊಕೇನ್ ಇಟ್ಟುಕೊಂಡದ್ದಕ್ಕೆ ತಪ್ಪಿತಸ್ಥ, ಅದಕ್ಕಾಗಿ ಬಂದೂಕ ಬಳಸಿದ ಆರೋಪದಿಂದ ಬಿಡುಗಡೆ ಎಂಬುದು ಅಲ್ಲಿಯ ಜೂರಿಯ ತೀರ್ಮಾನ. ಆದರೂ ಬಂದೂಕದ ಲೆಕ್ಕಕ್ಕೆ ಎರಡು ಮೆಟ್ಟಲು ಏರಿಸಿದ್ದು ಸಿಂಧುವಾಯಿತು. ಕೋರ್ಟಿನ ತರ್ಕ ಹೀಗೆ: ಜೂರಿ ನಿರ್ದೋಷಿ ಎಂದರೆ ಅವನು ಮಾಡಿಲ್ಲವೆಂದು ಅರ್ಥವಲ್ಲ, ಸಂಶಯಾತೀತವಾಗಿ ಸಾಬೀತಾಗಿಲ್ಲವೆಂದಷ್ಟೇ ಅರ್ಥ, ಆದ್ದರಿಂದ ಕೆಳಗಿನ ಅಳತೆಯಲ್ಲಿ ಸಾಬೀತಾಗಬಾರದೆಂದಿಲ್ಲ. ತರ್ಕಶಾಸ್ತ್ರದ ಪಾಠದಲ್ಲಿ ಇದಕ್ಕೆ ಪೂರ್ಣ ಅಂಕ ಸಿಕ್ಕೀತು. ನಿರ್ದೋಷಿ ಎಂಬ ಮಾತು ಕೇಳಿ ನಿಟ್ಟುಸಿರು ಬಿಟ್ಟ ಮನುಷ್ಯನಿಗೆ ಇದನ್ನು ಯಾವ ಬಾಯಿಯಿಂದ ವಿವರಿಸುವುದೋ ನಾವರಿಯೆವು. ಪೂರ್ಣ ವಾದ ಕೇಳದೆಯೇ ಇಂಥ ಪ್ರಶ್ನೆ ತೀರ್ಮಾನಿಸಿದ್ದು ಸರಿಯಲ್ಲವೆಂದು ನ್ಯಾಯಮೂರ್ತಿ ಕೆನಡಿಯವರಿಗೂ ಅನಿಸಿತು. ಅವರೂ ಸ್ಟೀವನ್ಸರೂ ಭಿನ್ನಮತ ಬರೆದರು.

ಒಂದು ರಾತ್ರಿಯ ಗುಂಡು

ಅದೇ ಕಾಲಕ್ಕೆ ಇನ್ನೊಂದು ಮೊಕದ್ದಮೆ ಕೆಳಗಿನಿಂದ ಮೇಲೇರುತ್ತಿತ್ತು. 1994ರ ಡಿಸೆಂಬರ್ 22ರ ನಸುಕಿನ ಎರಡು ಗಂಟೆಯ ಹೊತ್ತಿಗೆ ನ್ಯೂಜೆರ್ಸಿಯ ವೈನ್‌ಲ್ಯಾಂಡ್ ಎಂಬಲ್ಲಿ ಒಂದು ಮನೆಯ ಮೇಲೆ ಗುಂಡು ಹಾರಿತು. ಬಿಳಿಯರೇ ವಾಸಿಸುತ್ತಿದ್ದ ಆ ಕೇರಿಗೆ ಆಗಷ್ಟೇ ಬಂದಿದ್ದ ಕರಿಯ ಕುಟುಂಬವೊಂದರ ಮನೆ ಅದು. ಅಪ್ರೆಂಡಿ ಎಂಬಾತನನ್ನು ಪೊಲೀಸರು ಹಿಡಿದರು. ಗುಂಡು ಹಾರಿಸಿದ್ದನ್ನು ಒಪ್ಪಿದ ಅವನು, ಕರಿಯರು ಅಲ್ಲಿರುವುದು ತನಗೆ ಬೇಡವಾಗಿತ್ತೆಂಬ ಅರ್ಥದ ಮಾತನ್ನೂ ಆಡಿದನೆಂದು ಪೊಲೀಸರ ಹೇಳಿಕೆ. ಆಮೇಲೆ ಆ ಮಾತನ್ನು ಅವನು ನಿರಾಕರಿಸಿದ. ಅವನ ಮೇಲೆ 23 ಆರೋಪಗಳಿದ್ದವು, ಒಂದರಲ್ಲೂ ಜನಾಂಗ ದ್ವೇಷದ ಮಾತಿರಲಿಲ್ಲ. ಅವನು ಮೂರು ಆರೋಪಗಳಿಗೆ ತಪ್ಪೊಪ್ಪಿಕೊಂಡ. ಅವುಗಳಲ್ಲಿ ಮುಖ್ಯವಾದ ಬಂದೂಕದ ಅಪರಾಧಕ್ಕೆ 5ರಿಂದ 10 ವರ್ಷ ಸಜೆ.

ನ್ಯೂಜೆರ್ಸಿಯಲ್ಲಿ ದ್ವೇಷಾಪರಾಧದ ಬೇರೊಂದು ಕಾಯಿದೆ ಇತ್ತು. ಅಪರಾಧಕ್ಕೆ ಜನಾಂಗ ದ್ವೇಷವೇ ಪ್ರೇರಣೆಯೆಂದು ನ್ಯಾಯಾಧೀಶರಿಗೆ ಕಂಡರೆ 10 ವರ್ಷದ ಮಿತಿ 20ಕ್ಕೆ ಏರುತ್ತದೆ. ನ್ಯಾಯಾಧೀಶರು ವಿಚಾರಣೆ ನಡೆಸಿ, ಪ್ರೇರಣೆ ಅದೇ ಇರುವ ಸಂಭವ ಹೆಚ್ಚೆಂದು ನಿರ್ಣಯಿಸಿ, ಆ ಒಂದು ಆರೋಪಕ್ಕೆ 12 ವರ್ಷ ವಿಧಿಸಿದರು.

ಆಸಾಮಿಯ ಬಗ್ಗೆ ಕನಿಕರ ಪಡುವುದಕ್ಕೆ ಇಲ್ಲಿ ಏನೂ ಇಲ್ಲ. ಆ ರಾತ್ರಿ ಮನೆಯೊಳಗಿದ್ದವರನ್ನು ನೆನೆದರೆ 12 ವರ್ಷ ಹೆಚ್ಚೆಂದು ಯಾರಿಗೂ ಅನಿಸದು. ಹಕ್ಕಿನ ದೊಡ್ಡ ಪ್ರಶ್ನೆಗಳು ಒಳ್ಳೆಯವರ ಮೊಕದ್ದಮೆಯಲ್ಲಿ ಬರುವುದೇ ಅಪರೂಪ. 2000ದ ಜೂನ್ 26ರಂದು ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರಂತೆ ಆ ಶಿಕ್ಷೆಯನ್ನು ತಳ್ಳಿಹಾಕಿತು. ಬಹುಮತದ ತೀರ್ಪು ಬರೆದವರು ನ್ಯಾಯಮೂರ್ತಿ ಸ್ಟೀವನ್ಸ್. ಹಿಂದೆ ಶಿಕ್ಷೆಯಾಗಿತ್ತೆಂಬ ಒಂದು ಸಂಗತಿಯನ್ನು ಬಿಟ್ಟು, ಕಾನೂನಿನ ಗರಿಷ್ಠ ಮಿತಿಯನ್ನು ಮೀರಿ ಶಿಕ್ಷೆಯನ್ನು ಏರಿಸುವ ಯಾವ ಸಂಗತಿಯೇ ಆಗಲಿ ಜೂರಿಯ ಮುಂದೆ ಬರಬೇಕು, ಸಂಶಯಾತೀತವಾಗಿ ಸಾಬೀತಾಗಬೇಕು ಎಂಬುದು ಅದರ ನಿಯಮ. ಶಾಸನಸಭೆ ಅದನ್ನು ಅಪರಾಧದ ಅಂಗವೆಂದು ಕರೆದಿರಲಿ, ಶಿಕ್ಷೆಯ ಅಂಶವೆಂದು ಕರೆದಿರಲಿ, ಹೆಸರು ಮುಖ್ಯವಲ್ಲ. ಅದರಿಂದ ವರ್ಷ ಏರುತ್ತದೆಯೇ ಎಂಬುದೇ ಮುಖ್ಯ.

ಈ ನಿಯಮದ ಒಳಮಾತು ನಮ್ಮ ಕಾನೂನಿಗೂ ಅಪರಿಚಿತವಲ್ಲ. ಹಿಂದಿನ ಶಿಕ್ಷೆಯ ಕಾರಣದಿಂದ ಒಬ್ಬನಿಗೆ ಹೆಚ್ಚಿನ ಶಿಕ್ಷೆ ಕೊಡುವುದಿದ್ದರೆ, ಹಿಂದಿನ ಶಿಕ್ಷೆ ಯಾವುದು, ಎಂದು, ಎಲ್ಲಿ ಆಯಿತೆಂಬುದನ್ನು ದೋಷಾರೋಪದಲ್ಲೇ ಹೇಳಬೇಕೆಂದು ನಮ್ಮ 1973ರ ಸಂಹಿತೆಯ 211ನೇ ವಿಧಿಯಲ್ಲಿತ್ತು. 2024ರ ಜುಲೈ 1ರಿಂದ ಆ ಸಂಹಿತೆಯ ಸ್ಥಾನಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಅದು ಉಳಿದಿದೆ. ಎದುರಾಳಿಗೆ ಏನನ್ನು ಎದುರಿಸಬೇಕೆಂದು ಮೊದಲೇ ಹೇಳು, ಆಮೇಲೆ ಹೊಡೆ ಎಂಬ ನೀತಿ. ವ್ಯತ್ಯಾಸವೇನೆಂದರೆ ನಮ್ಮಲ್ಲಿ ಕೇಳುವವರೂ ಹೇಳುವವರೂ ಒಬ್ಬರೇ, ಅಲ್ಲಿ ಇಬ್ಬರು.

ಅಪ್ರೆಂಡಿ ತೀರ್ಪಿನ ಇನ್ನೊಂದು ವಿಶೇಷವನ್ನು ಹೇಳದೆ ಮುಂದೆ ಹೋಗಲಾಗದು. ಅಮೇರಿಕದ ನ್ಯಾಯಮೂರ್ತಿಗಳನ್ನು ಉದಾರಿಗಳು, ಸಂಪ್ರದಾಯವಾದಿಗಳು ಎಂದು ಎರಡು ಪಂಕ್ತಿಯಲ್ಲಿ ಕೂರಿಸುವುದು ಪತ್ರಿಕೆಗಳ ರೂಢಿ. ಇಲ್ಲಿ ಎಲೆಗಳು ಅದಲುಬದಲಾದವು. ಸ್ಟೀವನ್ಸ್, ಸೌಟರ್, ಗಿನ್ಸ್‌ಬರ್ಗ್ ಅವರ ಜತೆ ಕಟ್ಟಾ ಸಂಪ್ರದಾಯವಾದಿಗಳಾದ ಸ್ಕಾಲಿಯಾ ಮತ್ತು ಥಾಮಸ್. ವಿರೋಧದಲ್ಲಿ ರೆನ್‌ಕ್ವಿಸ್ಟ್, ಓಕಾನರ್, ಕೆನಡಿ ಅವರ ಜತೆ ಉದಾರಿಯಾದ ಬ್ರಾಯರ್.

ಮುಂದಿನ ನಾಲ್ಕೈದು ವರ್ಷ ಈ ನಿಯಮ ಕಾಡುಕಿಚ್ಚಿನಂತೆ ಹಬ್ಬಿತು. 2002ರಲ್ಲಿ ಅರಿಜೋನಾದ ರಿಂಗ್ ಪ್ರಕರಣದಲ್ಲಿ, ಮರಣದಂಡನೆಗೆ ಬೇಕಾದ ಗುರುತರ ಸಂಗತಿಗಳನ್ನು ನ್ಯಾಯಾಧೀಶರೊಬ್ಬರೇ ನಿರ್ಣಯಿಸುವಂತಿಲ್ಲ ಎಂದಾಯಿತು. 2004ರ ಜೂನ್ 24ರಂದು ವಾಷಿಂಗ್ಟನ್ ರಾಜ್ಯದ ಬ್ಲೇಕ್ಲಿ ಪ್ರಕರಣ ಬಂತು (ರಾಜಧಾನಿಯಲ್ಲ, ಪಶ್ಚಿಮ ಕರಾವಳಿಯ ರಾಜ್ಯ). ಬಿಟ್ಟುಹೋಗಿದ್ದ ಹೆಂಡತಿಯನ್ನು ಮರದ ಪೆಟ್ಟಿಗೆಯಲ್ಲಿ ಕೂಡಿಹಾಕಿ ವಾಹನದಲ್ಲಿ ಹೊತ್ತೊಯ್ದವನ ಮೊಕದ್ದಮೆ ಅದು. ಅವನು ಒಪ್ಪಿಕೊಂಡ ಅಪರಾಧಕ್ಕೆ ಸೂತ್ರದಂತೆ 49ರಿಂದ 53 ತಿಂಗಳು. ಉದ್ದೇಶಪೂರ್ವಕ ಕ್ರೌರ್ಯ ತೋರಿದ್ದಾನೆಂದು ನ್ಯಾಯಾಧೀಶರು ತಾವೇ ಕಂಡುಕೊಂಡು 90 ತಿಂಗಳು ಕೊಟ್ಟರು. ಆ ಅಪರಾಧಕ್ಕೆ ಕಾನೂನಿನ ಹೊರಮಿತಿ 10 ವರ್ಷ ಇತ್ತು, ಅದರೊಳಗೇ ಇದೆಯಲ್ಲ ಎಂದು ರಾಜ್ಯ ವಾದಿಸಿತು. ಸ್ಕಾಲಿಯಾ ಒಪ್ಪಲಿಲ್ಲ. ಜೂರಿಯ ತೀರ್ಮಾನ ಅಥವಾ ಆರೋಪಿಯ ಒಪ್ಪಿಗೆ, ಇವೆರಡರ ಬಲದಿಂದ ಮಾತ್ರ ಎಷ್ಟು ಕೊಡಬಹುದೋ ಅದೇ ಗರಿಷ್ಠವೆಂದರು. ಇಪ್ಪತ್ತು ವರ್ಷಗಳ ಸುಧಾರಣೆಯೆಲ್ಲ ನೀರಿನಲ್ಲಿ ಹೋಮವಾಯಿತೆಂದು ಓಕಾನರ್ ಮರುಗಿದರು. ಅವರ ಆತಂಕ ಪೂರ್ತಿ ಹುರುಳಿಲ್ಲದ್ದೇನೂ ಅಲ್ಲ. ಒಂದೇ ಕಲಮಿನಡಿ ಶಿಕ್ಷೆಗೊಳಗಾದ ಇಬ್ಬರಲ್ಲಿ ಒಬ್ಬ ಕ್ರೂರಿ, ಇನ್ನೊಬ್ಬ ಪೆದ್ದ ಆಗಿರಬಹುದು. ಅದನ್ನು ಯಾರಾದರೂ ನೋಡಲೇಬೇಕು.

ಒಂದು ಕೈಯಲ್ಲಿ ಕೊಟ್ಟು

ಫೆಡರಲ್ ಸೂತ್ರಗಳ ಗತಿಯೇನೆಂದು ಎಲ್ಲರೂ ಕಾಯುತ್ತಿದ್ದರು. ಉತ್ತರ 2005ರ ಜನವರಿ 12ರಂದು ಬುಕರ್ ಪ್ರಕರಣದಲ್ಲಿ ಬಂತು. ವಿಸ್ಕಾನ್ಸಿನ್ನಿನ ಆ ಮೊಕದ್ದಮೆಯಲ್ಲಿ ಜೂರಿಯ ಮುಂದಿದ್ದ ಸಾಕ್ಷ್ಯ 92.5 ಗ್ರಾಂ ಕ್ರ್ಯಾಕಿನದು. ಅದರ ಬಲದಲ್ಲಿ ಹೆಚ್ಚೆಂದರೆ 262 ತಿಂಗಳು, ಎಂದರೆ 21 ವರ್ಷ 10 ತಿಂಗಳು ಸಜೆ. ನ್ಯಾಯಾಧೀಶರು ಶಿಕ್ಷೆಯ ಹಂತದಲ್ಲಿ ಇನ್ನೂ 566 ಗ್ರಾಂ ಕೂಡಿಸಿ 30 ವರ್ಷ ಕೊಟ್ಟರು. ಕೋರ್ಟು ಒಂದೇ ದಿನ ಎರಡು ಬಹುಮತದ ತೀರ್ಪು ಕೊಟ್ಟಿತು. ಕಡ್ಡಾಯವಾಗಿರುವ ಸೂತ್ರಗಳಡಿ ನ್ಯಾಯಾಧೀಶರು ಹೀಗೆ ಸಂಗತಿ ಕೂಡಿಸುವುದು ಆರನೆಯ ತಿದ್ದುಪಡಿಗೆ ವಿರುದ್ಧವೆಂದು ಸ್ಟೀವನ್ಸರ ಐವರು ಹೇಳಿದರು. ಹಾಗಾದರೆ ಪರಿಹಾರವೇನು? ಆ ಸಂಗತಿಗಳನ್ನೆಲ್ಲ ಜೂರಿಗೆ ಕೊಡುವುದು ಎಂದು ನಾವು ನೀವು ಊಹಿಸಿಯೇವು. ಬ್ರಾಯರರ ಐವರು ಹೇಳಿದ್ದು ಬೇರೆ: ಸೂತ್ರಗಳು ಇನ್ನು ಕಡ್ಡಾಯವಲ್ಲ, ಸಲಹೆ ಮಾತ್ರ! ಕಡ್ಡಾಯವಲ್ಲದ ಮೇಲೆ ಸೂತ್ರದ ಮಿತಿ ಮಿತಿಯೇ ಅಲ್ಲ. ಕಾಯಿದೆಯ ದೊಡ್ಡ ಮಿತಿಯೊಳಗೆ ನ್ಯಾಯಾಧೀಶರು ಸಂಗತಿಗಳನ್ನು ನೋಡುವುದಕ್ಕೆ ಅಡ್ಡಿಯಿಲ್ಲ. ಎರಡೂ ಬಹುಮತಗಳಲ್ಲಿದ್ದವರು ಗಿನ್ಸ್‌ಬರ್ಗ್ ಒಬ್ಬರೇ.

ಮುಂಬಾಗಿಲಿನಿಂದ ಹೊರಹಾಕಿದ್ದನ್ನು ಹಿತ್ತಿಲ ಬಾಗಿಲಿನಿಂದ ಒಳಗೆ ಕರೆದಂತಾಯಿತು ಎಂಬುದು ನಮ್ಮ ಅಭಿಪ್ರಾಯ. ಸೂತ್ರ ಬರೀ ಸಲಹೆ ಎನ್ನುತ್ತಾರೆ. ಆದರೆ ಪ್ರತಿಯೊಂದು ಮೊಕದ್ದಮೆಯಲ್ಲೂ ನ್ಯಾಯಾಧೀಶರು ಮೊದಲು ಆ ಲೆಕ್ಕವನ್ನು ಸರಿಯಾಗಿ ಹಾಕಲೇಬೇಕು. ಮೊದಲು ಬರೆದ ಸಂಖ್ಯೆ ಮನಸ್ಸಿನಲ್ಲಿ ನಾಟುತ್ತದೆ. ವಾಷಿಂಗ್ಟನ್ನಿನ ಜೂರಿ ಸದಸ್ಯರಿಗೆ ಕಾಗದ ಬರೆಯುವ ಪ್ರಸಂಗ ಬಂದದ್ದು ಬುಕರ್ ತೀರ್ಪಿನ ಮೂರು ವರ್ಷದ ತರುವಾಯ, ಈ ಹಿತ್ತಿಲ ಬಾಗಿಲಿನ ಮೂಲಕವೇ.

ಆ ಮೂವರು ಸುಪ್ರೀಂ ಕೋರ್ಟಿನವರೆಗೆ ಹೋದರು. 2014ರ ಅಕ್ಟೋಬರಿನಲ್ಲಿ ಕೋರ್ಟು ಅವರ ಅರ್ಜಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಅಲ್ಲಿ ಅರ್ಜಿ ವಿಚಾರಣೆಗೆ ಬರಲು ಒಂಬತ್ತರಲ್ಲಿ ನಾಲ್ವರ ಒಪ್ಪಿಗೆ ಬೇಕು. ಸಿಕ್ಕಿದ್ದು ಸ್ಕಾಲಿಯಾ, ಥಾಮಸ್, ಗಿನ್ಸ್‌ಬರ್ಗ್ ಮೂವರದು. ಇದು ಬಹಳ ಕಾಲ ನಡೆದಾಯಿತು, ಇನ್ನು ನಿಲ್ಲಿಸಬೇಕು ಎಂಬ ಧಾಟಿಯಲ್ಲಿ ಸ್ಕಾಲಿಯಾ ಭಿನ್ನಮತ ಬರೆದರು. ಒಬ್ಬರ ಕೊರತೆಯಿಂದ ಹದಿನೆಂಟು ಮುಕ್ಕಾಲು ವರ್ಷ ಹಾಗೆಯೇ ಉಳಿಯಿತು. ಅದೇ ಕಾಂಗ್ರೆಸ್ ಪಾರ್ಕ್ ಗುಂಪಿನ ಇನ್ನೊಬ್ಬನ ಅಪೀಲು 2015ರಲ್ಲಿ ವಾಷಿಂಗ್ಟನ್ನಿನ ಅಪೀಲು ಕೋರ್ಟಿಗೆ ಬಂದಾಗ ಅಲ್ಲಿಯ ನ್ಯಾಯಾಧೀಶ ಕವನಾ ಎಂಬವರು, ಬಿಡುಗಡೆಯಾದ ಆರೋಪವನ್ನು ಹೀಗೆ ಲೆಕ್ಕಕ್ಕೆ ತರುವುದು ಜೂರಿ ಹಕ್ಕಿಗೆ ಧಕ್ಕೆಯೆಂದೇ ಕಾಣುತ್ತದೆ ಎಂದು ಬರೆದರು.

ಕವನಾ 2018ರಲ್ಲಿ ಸುಪ್ರೀಂ ಕೋರ್ಟಿಗೆ ಏರಿದರು. ಇನ್ನೇನು ಪ್ರಶ್ನೆ ಬಗೆಹರಿಯಿತೆಂದು ಹಲವರು ನಂಬಿದ್ದರು. ಇಂಡಿಯಾನಾಪೊಲಿಸ್ ನಗರದ ಮೆಕ್ಲಿಂಟನ್ ಪ್ರಕರಣ ಅವರ ಮುಂದೆ ಬಂತು. 2015ರಲ್ಲಿ ನಡೆದ ಔಷಧಿ ಅಂಗಡಿಯ ದರೋಡೆ. ಆರೋಪಿಗೆ ಆಗ 17 ವರ್ಷ. ದರೋಡೆಯ ಬಳಿಕ ಜತೆಗಾರರಲ್ಲೊಬ್ಬ ಗುಂಡಿಗೆ ಬಲಿಯಾದ. ಜೂರಿ ದರೋಡೆ ಸಾಬೀತೆಂದಿತು, ಕೊಲೆಯಿಂದ ಬಿಡುಗಡೆ ಮಾಡಿತು. ಸೂತ್ರದಂತೆ 57ರಿಂದ 71 ತಿಂಗಳಾಗಬೇಕಿದ್ದ ಶಿಕ್ಷೆ, ಕೊಂದದ್ದು ಇವನೇ ಇರಬೇಕೆಂದು ನ್ಯಾಯಾಧೀಶರಿಗೆ ಕಂಡ ಕಾರಣ 228 ತಿಂಗಳಾಯಿತು: ಹತ್ತೊಂಬತ್ತು ವರ್ಷ. 2023ರ ಜೂನ್ 30ರಂದು ಸುಪ್ರೀಂ ಕೋರ್ಟು ಈ ಅರ್ಜಿಯನ್ನೂ ಕೈಗೆತ್ತಿಕೊಳ್ಳಲಿಲ್ಲ. ಶಿಕ್ಷಾ ಆಯೋಗ ಈ ಪ್ರಶ್ನೆಯನ್ನು ಪರಿಶೀಲಿಸುತ್ತಿದೆ, ಕಾದು ನೋಡೋಣ ಎಂದು ಕವನಾ ಮತ್ತು ಬ್ಯಾರೆಟ್ ಬರೆದರು. ಆಯೋಗ ಏನೂ ಮಾಡದಿದ್ದರೆ ಕೋರ್ಟು ಮಾಡಬೇಕಾದೀತೆಂದು ಸೊಟೊಮೇಯರ್ ಎಚ್ಚರಿಸಿದರು.

ಇಷ್ಟರ ನಡುವೆ ನಿಯಮದ ಇನ್ನೊಂದು ಬದಿ ಬಲಗೊಳ್ಳುತ್ತಲೇ ಇತ್ತೆಂಬುದು ವಿಚಿತ್ರ. ಕನಿಷ್ಠ ಕಡ್ಡಾಯ ಶಿಕ್ಷೆಯನ್ನು ಏರಿಸುವ ಸಂಗತಿಯೂ ಜೂರಿಯದೇ ಎಂದು 2013ರಲ್ಲಿ ಅಲೇನ್ ಪ್ರಕರಣದಲ್ಲಿ ಥಾಮಸ್ ಬರೆದರು; ಬಂದೂಕ ಒಯ್ದದ್ದಷ್ಟೇ ಆದರೆ 5 ವರ್ಷ, ಅದನ್ನು ಝಳಪಿಸಿದ್ದರೆ 7 ವರ್ಷ ಎಂಬ ಕಾಯಿದೆಯಲ್ಲಿ, ಝಳಪಿಸಿದನೇ ಎಂಬುದನ್ನು ನ್ಯಾಯಾಧೀಶರು ತೀರ್ಮಾನಿಸಿದ್ದು ತಪ್ಪಾಯಿತು. 2024ರ ಜೂನ್ 21ರ ಎರ್ಲಿಂಗರ್ ಪ್ರಕರಣದಲ್ಲಿ, ಹಿಂದಿನ ಮೂರು ಅಪರಾಧಗಳು ಬೇರೆಬೇರೆ ಸಂದರ್ಭಗಳಲ್ಲಿ ನಡೆದವೇ, ಅಲ್ಲ ಒಂದೇ ಸರಣಿಯೇ ಎಂಬ ಸಂಗತಿಯನ್ನೂ ಜೂರಿಯೇ ಒಮ್ಮತದಿಂದ ಹೇಳಬೇಕೆಂದಾಯಿತು, ಏಕೆಂದರೆ ಅದರ ಮೇಲೆ ಕನಿಷ್ಠ 15 ವರ್ಷದ ಸಜೆ ನಿಂತಿತ್ತು. ಒಂದು ಕಡೆ ಬಂದೂಕ ಝಳಪಿಸಿದ್ದಕ್ಕೆ ಬರುವ ಎರಡು ವರ್ಷ ಜೂರಿಯ ಸ್ವತ್ತು. ಇನ್ನೊಂದು ಕಡೆ ಜೂರಿ ಬೇಡವೆಂದ ಕೊಲೆಯ ಹದಿಮೂರು ವರ್ಷ ನ್ಯಾಯಾಧೀಶರ ಸ್ವತ್ತು. ಇವೆರಡನ್ನೂ ಒಂದೇ ಸಂವಿಧಾನದಿಂದ ಹೊರತೆಗೆಯಲು ಸಾಮಾನ್ಯ ಬುದ್ಧಿಗೆ ಸಾಧ್ಯವಿಲ್ಲ.

ಜೂರಿಯನ್ನು ಇಷ್ಟೆಲ್ಲ ಹೊಗಳುವಾಗ ಒಂದು ಕಟುಸತ್ಯವನ್ನು ಮರೆಯಬಾರದು. ಆ ದೇಶದಲ್ಲಿ ಜೂರಿಯ ಮುಖ ನೋಡುವ ಆರೋಪಿಗಳೇ ವಿರಳ. ಫೆಡರಲ್ ಶಿಕ್ಷೆಗಳಲ್ಲಿ ನೂರಕ್ಕೆ 97, ರಾಜ್ಯಗಳಲ್ಲಿ ನೂರಕ್ಕೆ 94 ತಪ್ಪೊಪ್ಪಿಗೆಯ ಚೌಕಾಶಿಯಲ್ಲೇ ಮುಗಿಯುತ್ತವೆಯೆಂದು 2012ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಇದಕ್ಕೂ ನಮ್ಮ ವಿಷಯಕ್ಕೂ ಸಂಬಂಧವಿಲ್ಲದಿಲ್ಲ. ಹತ್ತು ಆರೋಪಗಳಲ್ಲಿ ಒಂಬತ್ತನ್ನು ಗೆದ್ದರೂ ಉಳಿದೊಂದರ ಬಲದಲ್ಲಿ ಹತ್ತಕ್ಕೂ ಸಜೆಯಾಗುವ ಭಯವಿದ್ದರೆ, ಯಾವ ವಕೀಲ ತನ್ನ ಕಕ್ಷಿಗೆ ಜೂರಿಯ ಮುಂದೆ ಹೋಗೆಂದು ಧೈರ್ಯ ಕೊಟ್ಟಾನು? ಗೆದ್ದರೂ ಸೋಲು ಎಂದು ಗೊತ್ತಿರುವ ಪಂದ್ಯಕ್ಕೆ ಯಾರೂ ಇಳಿಯುವುದಿಲ್ಲ.

ಕೆಲವು ರಾಜ್ಯಗಳು ತಮ್ಮ ಮನೆಯನ್ನು ತಾವೇ ಸರಿಮಾಡಿಕೊಂಡವು. ನ್ಯೂಹ್ಯಾಂಪ್‌ಶೈರ್ 1987ರಲ್ಲಿ, ನಾರ್ತ್ ಕೆರೊಲಿನಾ 1988ರಲ್ಲಿ, ಮಿಚಿಗನ್ 2019ರಲ್ಲಿ ಬಿಡುಗಡೆಯಾದ ಆರೋಪದ ಮೇಲೆ ಶಿಕ್ಷೆ ಏರಿಸುವುದನ್ನು ತಡೆದವು. ಕೊನೆಗೆ ಶಿಕ್ಷಾ ಆಯೋಗವೂ 2024ರ ಏಪ್ರಿಲಿನಲ್ಲಿ ಒಮ್ಮತದಿಂದ ಸೂತ್ರವನ್ನು ತಿದ್ದಿತು. ನವೆಂಬರ್ 1ರಿಂದ ಅದು ಜಾರಿಗೆ ಬಂತು. ಫೆಡರಲ್ ನ್ಯಾಯಾಲಯದಲ್ಲಿ ಆರೋಪ ಹೊರಿಸಿ ಬಿಡುಗಡೆಯಾದ ಕೃತ್ಯವನ್ನು ಸೂತ್ರದ ಲೆಕ್ಕಕ್ಕೆ ಸೇರಿಸುವಂತಿಲ್ಲ.

ಇದು ಒಳ್ಳೆಯದೇ. ಆದರೆ ಹಿತ್ತಿಲ ಬಾಗಿಲು ಪೂರ್ತಿ ಮುಚ್ಚಿದೆಯೆಂದು ಹೇಳುವಂತಿಲ್ಲ. ಅದೇ ಕೃತ್ಯ ಸಾಬೀತಾದ ಅಪರಾಧಕ್ಕೂ ಆಧಾರವಾಗಿದ್ದರೆ ಲೆಕ್ಕಕ್ಕೆ ಬರುತ್ತದೆ. ತಿದ್ದುಪಡಿ ಸೂತ್ರಕ್ಕೆ ಸಂಬಂಧಿಸಿದ್ದು, ಸಂವಿಧಾನಕ್ಕಲ್ಲ. 1997ರ ವಾಟ್ಸ್ ತೀರ್ಪನ್ನು ಅದು ಅಳಿಸಲಿಲ್ಲ. ಇನ್ನೊಂದು ಸಂಗತಿ ಹೆಚ್ಚು ಯೋಚನೆಗೆ ಹಚ್ಚುವಂಥದು. ಜೂರಿಯ ಮುಂದೆ ಆರೋಪ ಹೊರಿಸಿ ಸೋತರೆ ಸರಕಾರಕ್ಕೆ ಅದು ಲೆಕ್ಕಕ್ಕಿಲ್ಲ ಎಂದಾಯಿತು. ಆದರೆ ಆರೋಪವನ್ನೇ ಹೊರಿಸದೆ, ನೇರವಾಗಿ ಶಿಕ್ಷೆಯ ಹಂತದಲ್ಲಿ ಆ ಸಂಗತಿಯನ್ನು ನ್ಯಾಯಾಧೀಶರ ಮುಂದಿಟ್ಟರೆ ಈ ತಿದ್ದುಪಡಿ ಅದನ್ನು ತಡೆಯುವುದಿಲ್ಲ. ಜಾಣ ಸರಕಾರಿ ವಕೀಲರು ಯಾವ ದಾರಿ ಹಿಡಿಯುತ್ತಾರೆಂದು ಊಹಿಸುವುದು ಕಷ್ಟವಲ್ಲ. ಇನ್ನು ಹಿಂದೆ ಶಿಕ್ಷೆಯಾಗಿ ಒಳಗಿರುವವರ ಮಾತು. ಹೊಸ ಸೂತ್ರ ಅವರಿಗೆ ಪೂರ್ವಾನ್ವಯವಾಗಬೇಕೇ ಎಂಬ ಪ್ರಶ್ನೆ 2024ರ ಆಗಸ್ಟಿನಲ್ಲಿ ಅದೇ ಆಯೋಗದ ಮುಂದೆ ಬಂತು. ಆಯೋಗ ಬೇಡವೆಂದಿತು.